ಭದ್ರಾವತಿಯ ಜಗತಿಯ ಮೇಲೆ ಒಂದು ಸುತ್ತು

ಶಿವಮೊಗ್ಗದ ಕೋಟೆ ಬೀದಿಯಲ್ಲಿ ಬೆಳಿಗ್ಗೆ ನಡೆದು, ಶಿವಪ್ಪನಾಯಕ ಅರಮನೆಯ ದಪ್ಪ ಮರದ ಕಂಬಗಳನ್ನು ನೋಡಿ, ಭದ್ರಾವತಿಯ ಬಸ್ಸು ಹತ್ತಿ. ಅಲ್ಲಿ ಹಳೇನಗರದಲ್ಲಿದೆ 13ನೆಯ ಶತಮಾನದ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯ. ಮೂರು ಗರ್ಭಗುಡಿಗಳ ತ್ರಿಕೂಟ. ಬೇಲೂರು, ಹಳೇಬೀಡಿಗೆ ಸಿಕ್ಕ ಹೆಸರು ಇದಕ್ಕೆ ಸಿಗಲಿಲ್ಲವೆಂಬುದು ನನಗೆ ನಿಜವಾಗಿಯೂ ನೋವು.

ಜಗತಿ, ಅಂದರೆ ದೇವಾಲಯ ನಿಂತಿರುವ ಎತ್ತರದ ಕಟ್ಟೆ, ಹತ್ತಿ ನಿಧಾನವಾಗಿ ಸುತ್ತು ಬನ್ನಿ. ಗೋಡೆ ನೇರವಾಗಿ ಓಡುವುದೇ ಇಲ್ಲ. ಮೂಲೆ ಮೂಲೆಯಾಗಿ ಹೊರಚಾಚುತ್ತದೆ, ಒಳಸರಿಯುತ್ತದೆ. ಹೆಜ್ಜೆಗೊಂದು ಕೋನ, ಕೋನಕ್ಕೊಂದು ನೆರಳು. ಪ್ರದಕ್ಷಿಣೆ ಹಾಕುವ ಕಾಲುಗಳಿಗೆಂದೇ ಮಾಡಿದ ಶಿಲ್ಪವಿದು.

ಒಳಗೆ ನವರಂಗದ, ಅಂದರೆ ನಡುಮಂಟಪದ, ಕಂಬಗಳು. ಬಳಪದ ಕಲ್ಲು ಗಣಿಯಿಂದ ಬಂದಾಗ ಉಳಿಗೆ ಮೆತ್ತಗೆ ಒಲಿಯುತ್ತದೆ, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ತಿರುಗಿಸಿ ಕಡೆದ ಕಂಬದ ನಡುವನ್ನು ಹತ್ತಿರದಿಂದ ನೋಡಿ: ತೋಳಿಗೆ ಬಳೆ ಜೋಡಿಸಿದಂತೆ ಗೀರಿನ ಮೇಲೆ ಗೀರು, ಸುತ್ತಲೂ ಒಂದೇ ಹದ. ಎಂಥ ಕೈ ಅದು! ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಊರಿದು. ಅದಕ್ಕೆ ಸುಮಾರು ಏಳು ಶತಮಾನ ಮೊದಲೇ ಇಲ್ಲಿ ಕಲ್ಲನ್ನು ಹೀಗೆ ಪಳಗಿಸಿದ್ದರು.

ಸಾಧ್ಯವಾದರೆ ಸಂಜೆಯ ಓರೆಬಿಸಿಲಿನಲ್ಲಿ ಮತ್ತೊಂದು ಸುತ್ತು ಹಾಕಿ. ನಡುಮಧ್ಯಾಹ್ನ ಕಣ್ಣಿಗೆ ಬೀಳದ ಗೋಡೆಯ ಮಡಿಕೆಗಳು ಆಗ ಎದ್ದು ಕಾಣುತ್ತವೆ.