ಉಣ್ಣೆ ಹೆಣೆಯುವ ಅಜ್ಜಿಯ ಪತ್ತೇದಾರಿ

ಪತ್ತೇದಾರಿ ಕಾದಂಬರಿಗಳನ್ನು ಓದುವವರ ಸಂಖ್ಯೆ ದೊಡ್ಡದು. ಓದುತ್ತೇವೆಂದು ಒಪ್ಪಿಕೊಳ್ಳುವವರ ಸಂಖ್ಯೆ ಬಹಳ ಸಣ್ಣದು. ರೈಲಿನಲ್ಲಿ ಎದುರಿಗೆ ಕುಳಿತ ಗೃಹಸ್ಥರು ಅಂಥದೊಂದು ಪುಸ್ತಕದಲ್ಲಿ ಮುಳುಗಿರುವಾಗ ನಮ್ಮ ಕಣ್ಣು ಅದರ ಹೊದಿಕೆಯ ಮೇಲೆ ಬಿತ್ತೆನ್ನಿ, “ಏನೋ, ಹೊತ್ತು ಹೋಗಲೆಂದು...” ಎಂದು ನಕ್ಕು ಪುಸ್ತಕವನ್ನು ಬೋರಲು ಹಾಕುತ್ತಾರೆ. ಅವರನ್ನು ಹಾಸ್ಯಮಾಡುವ ಅಧಿಕಾರ ನನಗಿಲ್ಲ. ಅಗಾಥಾ ಕ್ರಿಸ್ಟಿಯವರ ಪುಸ್ತಕಗಳನ್ನು ನಾನೂ ಬಹುಕಾಲ ಹಾಗೆಯೇ ಬೋರಲು ಹಾಕಿದವನು. ಆದರೆ ಹೊತ್ತು ಹೋಗಲೆಂದು ಓದಿದ ಪುಸ್ತಕವನ್ನು, ಕೊಲೆ ಮಾಡಿದವರು ಯಾರೆಂಬುದು ಗೊತ್ತಿದ್ದೂ, ಮತ್ತೊಮ್ಮೆ ಓದುವ ಮನಸ್ಸಾದರೆ ಅದರಲ್ಲಿ ಒಗಟಿನ ಹೊರತಾಗಿ ಬೇರೇನೋ ಇದೆಯೆಂದು ತಿಳಿಯಬೇಕಷ್ಟೆ. ಆ ಬೇರೇನೋ ಯಾವುದು ಎಂಬುದೇ ಇಲ್ಲಿನ ವಿಚಾರ.

ಈ ಜಾತಿಯ ಕಥೆಗಳಲ್ಲಿ ಒಂದು ಪಂಗಡಕ್ಕೆ ಇಂಗ್ಲಿಷಿನವರು ‘ಕೋಜಿ’ ಎಂಬ ಹೆಸರು ಕೊಟ್ಟಿದ್ದಾರೆ. ಹೆಸರು ಬಂದದ್ದು ಈಚೆಗೆ, ಪದಾರ್ಥ ಹಳೆಯದು. ಬೆಚ್ಚಗಿನದು, ಹಿತವಾದದ್ದು ಎಂದು ಅದರ ಅರ್ಥ. ಟೀ ಪಾತ್ರೆ ಆರದಂತೆ ಅದಕ್ಕೆ ತೊಡಿಸುವ ಉಣ್ಣೆಯ ಕುಲಾವಿಗೂ ಅದೇ ಮಾತು. ಊರು ಚಿಕ್ಕದು, ಎಲ್ಲರಿಗೂ ಎಲ್ಲರ ಪರಿಚಯ. ಕೊಲೆ ನಡೆಯುತ್ತದೆ, ಆದರೆ ರಕ್ತ ಕಣ್ಣಿಗೆ ಬೀಳುವುದು ಕಡಮೆ. ಪತ್ತೆ ಮಾಡುವವರು ಪೊಲೀಸರೂ ಅಲ್ಲ, ಸಂಬಳದ ಪತ್ತೇದಾರರೂ ಅಲ್ಲ. ಒಬ್ಬ ಪಾದ್ರಿ, ಒಬ್ಬ ಪುಸ್ತಕದಂಗಡಿಯಾಕೆ, ಒಬ್ಬ ಮುದುಕಿ. ಕೊನೆಗೆ ಸತ್ಯ ಹೊರಬಿದ್ದು ಊರು ಮತ್ತೆ ಟೀ ಕುಡಿಯಲು ಕೂರುತ್ತದೆ. ಇಷ್ಟನ್ನು ತಿಳಿದುಕೊಂಡರೆ ಇಂಥ ಕಾದಂಬರಿಯನ್ನು ಬರೆಯಬಹುದೆಂದು ಅನೇಕರು ನಂಬಿದ್ದಾರೆ, ಬರೆದೂ ಇದ್ದಾರೆ. ಅವುಗಳಲ್ಲಿ ಹೆಚ್ಚಿನವು ಏಕೆ ಸಪ್ಪೆಯಾದುವು?

ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಮ್ಮವರಿಗೆ ಒಂದು ವಿಷಯ ಸುಲಭವಾಗಿ ಹೊಳೆಯಲಾರದು. ಎನ್. ನರಸಿಂಹಯ್ಯನವರ ಪುರುಷೋತ್ತಮನಿಗೆ ಪತ್ತೇದಾರಿಯೇ ಕಸುಬು. ಅವನು ಬಾಗಿಲು ತಟ್ಟಿ ಪ್ರಶ್ನೆ ಕೇಳಿದರೆ, ನೀನು ಯಾರು ಕೇಳುವುದಕ್ಕೆ ಎಂದು ಯಾರೂ ಅನ್ನುವುದಿಲ್ಲ. ಹವ್ಯಾಸಿಗೆ ಈ ಅನುಕೂಲವಿಲ್ಲ. ಬೇರೆಯವರ ಮನೆಯ ಸಾವಿನಲ್ಲಿ ಆಕೆಗೇನು ಕೆಲಸ? ಪೊಲೀಸರಿಗೆ ತಿಳಿಯದ್ದು ಆಕೆಗೆ ತಿಳಿಯುವುದು ಹೇಗೆ? ಹವ್ಯಾಸಿ ಪತ್ತೇದಾರರನ್ನು ಸೃಷ್ಟಿಸುವ ಲೇಖಕ ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು. ಉತ್ತರ ಆ ಪಾತ್ರದ ನಿತ್ಯಜೀವನದಿಂದ ಬರಬೇಕು. ಹೊರಗಿನಿಂದ ಅಂಟಿಸಿದ್ದು ನಿಲ್ಲುವುದಿಲ್ಲ. ಚೆಸ್ಟರ್ಟನ್‌ರ ಫಾದರ್ ಬ್ರೌನ್‌ನನ್ನು ನೋಡಿ. 1911ರಲ್ಲಿ ಪುಸ್ತಕರೂಪದಲ್ಲಿ ಬಂದ ಮೊದಲ ಸಂಪುಟದಲ್ಲಿಯೇ ಅವನ ಗುಟ್ಟು ಬಯಲಾಗಿದೆ. ದಿನವೂ ಜನರ ಪಾಪನಿವೇದನೆಯನ್ನು ಕೇಳುತ್ತ ಕೂರುವ ಪಾದ್ರಿಗೆ ಮನುಷ್ಯನ ಕೇಡಿನ ಪರಿಚಯ ಕಳ್ಳನಿಗಿಂತ ಹೆಚ್ಚು. ಅವನ ಕಸುಬೇ ಅವನ ವಿದ್ಯೆ. ಚೆಸ್ಟರ್ಟನ್ ಬೇರೆ ವಿವರಣೆ ಕೊಡಬೇಕಾಗಲೇ ಇಲ್ಲ.

ಪತ್ತೆ ಮಾಡುವ ಅವಿವಾಹಿತ ಹೆಂಗಸನ್ನು ಕ್ರಿಸ್ಟಿಯವರೇನೂ ಮೊದಲು ಕಂಡುಹಿಡಿಯಲಿಲ್ಲ. ಅಮೆರಿಕದ ಅನಾ ಕ್ಯಾಥರೀನ್ ಗ್ರೀನ್ 1897ರಲ್ಲಿಯೇ ಅಮೀಲಿಯಾ ಬಟರ್‌ವರ್ತ್ ಎಂಬ, ನೆರೆಮನೆಯ ಕಡೆ ಸದಾ ಒಂದು ಕಣ್ಣಿಟ್ಟ ಹೆಂಗಸನ್ನು ತಂದಿದ್ದರು. ಕ್ರಿಸ್ಟಿಯವರು ಮಿಸ್ ಮಾರ್ಪಲ್‌ಳನ್ನು ಪಡೆದ ಬಗೆ ಬೇರೆ. 1926ರ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಕಾದಂಬರಿಯಲ್ಲಿ ಡಾಕ್ಟರರ ಅಕ್ಕ ಕ್ಯಾರೊಲಿನ್ ಎಂಬಾಕೆಯಿದ್ದಾಳೆ. ಮನೆ ಬಿಟ್ಟು ಕದಲದೆಯೇ ಊರಿನ ಸುದ್ದಿಯನ್ನೆಲ್ಲ ಸಂಗ್ರಹಿಸುವವಳು. ಆ ಕಾದಂಬರಿ 1928ರಲ್ಲಿ ನಾಟಕವಾದಾಗ ಬೇರೊಬ್ಬರು ಕ್ಯಾರೊಲಿನ್‌ಳನ್ನು ತೆಗೆದುಹಾಕಿ ಅವಳ ಜಾಗದಲ್ಲಿ ಒಬ್ಬ ಚೆಲುವೆ ಹುಡುಗಿಯನ್ನು ಕೂರಿಸಿದರು. ಇದು ತಮ್ಮನ್ನು ನೋಯಿಸಿತೆಂದೂ, ಮಾರ್ಪಲ್‌ಳ ಹುಟ್ಟಿಗೆ ಕ್ಯಾರೊಲಿನ್ ಒಂದು ಕಾರಣವಿರಬಹುದೆಂದೂ ಕ್ರಿಸ್ಟಿಯವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಪುಸ್ತಕ ಹೊರಬಂದದ್ದು 1977ರಲ್ಲಿ, ಅವರು ತೀರಿಕೊಂಡ ಮರುವರ್ಷ. ಇನ್ನೊಂದು ಕಾರಣ ಅವರ ಅಜ್ಜಿ. ಆ ಅಜ್ಜಿ ನಗುಮುಖದವರು. ಆದರೆ ಎಲ್ಲರ ವಿಷಯದಲ್ಲಿಯೂ ಕೆಟ್ಟದ್ದನ್ನೇ ನಿರೀಕ್ಷಿಸುವವರು. ಹೆದರಿಕೆಯಾಗುವಷ್ಟು ಮಟ್ಟಿಗೆ ಅವರ ನಿರೀಕ್ಷೆ ನಿಜವಾಗುತ್ತಿತ್ತಂತೆ. ಇಂಥ ಅಜ್ಜಿಯರು ನಮ್ಮ ಜಗಲಿಗಳ ಮೇಲೂ ಇದ್ದರು. ಅವರ ಕೈಯಲ್ಲಿ ಉಣ್ಣೆಯ ಬದಲು ಹೂಬತ್ತಿಯ ಹತ್ತಿ ಇರುತ್ತಿತ್ತು, ಅಷ್ಟೇ ವ್ಯತ್ಯಾಸ.

1927ರ ಕೊನೆಯಲ್ಲಿ ಒಂದು ಸಣ್ಣಕಥೆಯಲ್ಲಿ ಮಿಸ್ ಮಾರ್ಪಲ್ ಮೊದಲು ಬರುತ್ತಾಳೆ. ಅಲ್ಲಿ ಕೂಡಿದವರಲ್ಲಿ ಸ್ಕಾಟ್‌ಲೆಂಡ್ ಯಾರ್ಡಿನ ಮಾಜಿ ಮುಖ್ಯಾಧಿಕಾರಿಯಿದ್ದಾರೆ, ಕಾದಂಬರಿ ಬರೆಯುವ ಅವಳ ಅಕ್ಕನ ಮಗನಿದ್ದಾನೆ, ವಕೀಲರೂ ಪಾದ್ರಿಯೂ ಇದ್ದಾರೆ. ಪ್ರತಿಯೊಬ್ಬರೂ ಬಿಡಿಸಲಾಗದ ಒಂದೊಂದು ಪ್ರಸಂಗವನ್ನು ಹೇಳಬೇಕೆಂದು ಗೊತ್ತುಮಾಡಿಕೊಳ್ಳುತ್ತಾರೆ. ಮೂಲೆಯಲ್ಲಿ ಬಿಳಿಯ ಉಣ್ಣೆಯನ್ನು ಹೆಣೆಯುತ್ತ ಕೂತ ಮುದುಕಿಯನ್ನು ಲೆಕ್ಕಕ್ಕೆ ಹಿಡಿಯಲು ಮರೆತೇಬಿಡುತ್ತಾರೆ. ಈ ಮರೆವು ಆಕೆಯ ದೊಡ್ಡ ಆಸ್ತಿ. ಹೆಣಿಗೆಯೆಂದರೆ ಬರಿಯ ಅಲಂಕಾರವಲ್ಲ. ಕೈಗೆ ಕೆಲಸವಿರುವ ಮುದುಕಿಗೆ ಕಿವಿಯೂ ಇದೆಯೆಂದು ಯಾರೂ ಯೋಚಿಸುವುದಿಲ್ಲ. 1930ರ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಕಾದಂಬರಿಯಲ್ಲಿ ಹೂದೋಟದ ಕೆಲಸವೂ ಪಕ್ಷಿವೀಕ್ಷಣೆಯ ದುರ್ಬೀನೂ ಇದೇ ಕೆಲಸಕ್ಕೆ ಬರುತ್ತವೆ. ಈ ಮೊದಲ ಕಾದಂಬರಿಯ ಮಾರ್ಪಲ್ ಅಷ್ಟೇನೂ ಹಿತವಾದ ಹೆಂಗಸಲ್ಲ. ಪಾದ್ರಿಯ ಹೆಂಡತಿಗೆ ಆಕೆಯನ್ನು ಕಂಡರಾಗದು. ಮುಂದಿನ ಪುಸ್ತಕಗಳಲ್ಲಿ ಕ್ರಿಸ್ಟಿಯವರು ಆಕೆಯನ್ನು ಮೆತ್ತಗೆ ಮಾಡಿದರು. ನನಗಂತೂ ಆ ಮೊದಲಿನ ಮೊನಚೇ ಹೆಚ್ಚು ಇಷ್ಟ.

ಆಕೆಯ ವಿಧಾನ ಎಲ್ಲರಿಗೂ ಗೊತ್ತಿರುವುದೇ. ಎಲ್ಲಿಯೋ ನಡೆದ ಕೊಲೆಯನ್ನು ಕೇಳಿದ ಕೂಡಲೆ ಸೇಂಟ್ ಮೇರಿ ಮೀಡ್ ಎಂಬ ತನ್ನ ಹಳ್ಳಿಯ ಒಬ್ಬ ಅಂಗಡಿಯವನನ್ನೋ ಮನೆಗೆಲಸದವಳನ್ನೋ ನೆನೆಯುತ್ತಾಳೆ. ಆ ಮನುಷ್ಯ ಇವನ ಹಾಗೆ, ಈ ನಗು ಅವಳ ನಗುವಿನ ಹಾಗೆ. ಕೇಳುವವರಿಗೆ ಅಪ್ರಸ್ತುತ ಪ್ರಸಂಗವೆನಿಸಿದ್ದು ಕೊನೆಯಲ್ಲಿ ಕೀಲಿಕೈಯಾಗುತ್ತದೆ. ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಎಷ್ಟೋ ಕಡೆ ಇದು ಜಾದೂಗಾರನ ಟೋಪಿಯೇ ಸರಿ. ಹಳ್ಳಿಯ ಆ ಅಂಗಡಿಯವನನ್ನು ನಾವು ಹಿಂದೆ ಕಂಡಿರುವುದಿಲ್ಲ; ಬೇಕಾದಾಗ ಲೇಖಕಿ ಅವನನ್ನು ಹೊರಗೆ ತೆಗೆಯುತ್ತಾರೆ. ಸಣ್ಣಕಥೆಗಳಲ್ಲಿ ಈ ದೋಷ ಹೆಚ್ಚು. ಹಾಗಿದ್ದೂ ಇದರ ಹಿಂದೊಂದು ಗಟ್ಟಿಯಾದ ನಂಬಿಕೆಯಿದೆ. ಕೊಲೆಯೆಂಬುದು ಬೇರೆ ಲೋಕದಿಂದ ಬರುವುದಲ್ಲ. ಚಿಲ್ಲರೆ ಕದಿಯುವ, ಸುಳ್ಳು ಹೇಳುವ, ಅಸೂಯೆಪಡುವ ನೆರೆಯವರ ಗುಣವೇ ಬಲಿತು ಅಲ್ಲಿಗೆ ಮುಟ್ಟುತ್ತದೆ. ಇದು ಬೆಚ್ಚಗಿನ ನಂಬಿಕೆಯೆ? ಇಷ್ಟು ತಣ್ಣನೆಯ ಮಾತನ್ನು ಮಾರ್ಪಲ್ ಕುಲಾವಿಯ ಒಳಗಿಟ್ಟು ಕೊಡುತ್ತಾಳೆ.

ಎಲ್ಲರನ್ನೂ ಬಲ್ಲವಳೆಂಬುದೇ ಪತ್ತೇದಾರಳ ಬಲವಾದರೆ, ಯಾರೂ ಯಾರನ್ನೂ ಅರಿಯದ ಕಾಲ ಬಂದಾಗ ಏನಾಗಬೇಕು? ಕ್ರಿಸ್ಟಿಯವರ ಹೆಚ್ಚಳವಿರುವುದು ಇಲ್ಲಿ. 1950ರ ‘ಎ ಮರ್ಡರ್ ಈಸ್ ಅನೌನ್ಸ್ಡ್’ ಕಾದಂಬರಿಯಲ್ಲಿ ಯುದ್ಧ ಮುಗಿದಿದೆ. ಹಳ್ಳಿಗಳಿಗೆ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದ್ದಾರೆ. ಮೊದಲಾದರೆ ಪರಿಚಯದವರ ಕಾಗದವಿಲ್ಲದೆ ಹೊಸಬರು ಯಾರೂ ಬರುತ್ತಿರಲಿಲ್ಲ; ಈಗ ರೇಷನ್ ಕಾರ್ಡೊಂದೇ ಗುರುತು. ಆ ಕಾರ್ಡಿನಲ್ಲಿರುವ ಹೆಸರು ಅವರದೇ ಹೌದೆ? ಕಥೆಯ ರಹಸ್ಯವೆಲ್ಲ ಈ ಪ್ರಶ್ನೆಯ ಮೇಲೆ ನಿಂತಿದೆ. 1962ರ ‘ದಿ ಮಿರರ್ ಕ್ರ್ಯಾಕ್ಡ್ ಫ್ರಮ್ ಸೈಡ್ ಟು ಸೈಡ್’ ಕಾದಂಬರಿಯ ಹೊತ್ತಿಗೆ ಸೇಂಟ್ ಮೇರಿ ಮೀಡ್‌ನ ಮಗ್ಗುಲಿಗೆ ಒಂದು ಹೊಸ ಬಡಾವಣೆಯೇ ಎದ್ದಿದೆ. ಮಾರ್ಪಲ್‌ಗೆ ಕಣ್ಣು ಮಂದವಾಗಿ ಹೆಣಿಗೆಯ ಕುಣಿಕೆ ತಪ್ಪುತ್ತಿದೆ. ತೋಟದ ಕೆಲಸಕ್ಕೆ ಡಾಕ್ಟರರ ಅಪ್ಪಣೆಯಿಲ್ಲ. ಜೊತೆಗೆ, ನೋಡಿಕೊಳ್ಳಲೆಂದು ಗೊತ್ತುಮಾಡಿದ ಹೆಂಗಸೊಬ್ಬಳು ಆಕೆಯನ್ನು ಮಗುವೆಂಬಂತೆ ಮಾತನಾಡಿಸುತ್ತಾಳೆ. ಒಂದು ದಿನ ಮುದುಕಿ ಈ ಕಾವಲನ್ನು ತಪ್ಪಿಸಿಕೊಂಡು ಒಬ್ಬಳೇ ಬಡಾವಣೆಗೆ ಹೋಗುತ್ತಾಳೆ, ಅಲ್ಲಿ ಎಡವಿ ಬೀಳುತ್ತಾಳೆ. ಎತ್ತಿ ಕೂರಿಸಿ ಉಪಚರಿಸಿದ ಹೆಂಗಸು ಕೆಲವು ದಿನಗಳಲ್ಲೇ ವಿಷದಿಂದ ಸಾಯುತ್ತಾಳೆ. ಹೊಸ ಮನೆಗಳ ನಡುವೆ ಅಲೆಯುವಾಗ ಮಾರ್ಪಲ್‌ಗೆ ಹಳೆಯ ಮುಖಗಳೇ ಹೊಸ ಬಟ್ಟೆಯಲ್ಲಿ ಕಾಣುವ ಆ ಕೆಲವು ಪುಟಗಳು ಯಾವ ‘ಗಂಭೀರ’ ಕಾದಂಬರಿಗೂ ಶೋಭೆ ತರುವಂಥವು.

ಬೇರೆಯವರ ಮನೆಯೊಳಗೆ ಕಾಲಿಡುವ ತೊಡಕನ್ನು ಕೂಡ ಅವರು ಪ್ರತಿ ಸಲವೂ ಹೊಸದಾಗಿ ಬಿಡಿಸಬೇಕಾಯಿತು. ನನಗೆ ಬಹಳ ಹಿಡಿಸಿದ್ದು 1957ರ ‘4.50 ಫ್ರಮ್ ಪ್ಯಾಡಿಂಗ್ಟನ್’. ಪಕ್ಕದ ರೈಲಿನಲ್ಲಿ ಕೊಲೆಯಾದದ್ದನ್ನು ಮಾರ್ಪಲ್‌ಳ ಗೆಳತಿ ಕಣ್ಣಾರೆ ಕಂಡಿದ್ದಾಳೆ. ಹೆಣ ಸಿಕ್ಕಿಲ್ಲ, ಪೊಲೀಸರು ನಂಬುವುದಿಲ್ಲ. ಹೆಣ ಇರಬೇಕಾದ ದೊಡ್ಡ ಮನೆಯ ಹಿತ್ತಲನ್ನು ಶೋಧಿಸಲು ಮುದುಕಿಯ ಕಾಲಿಗೆ ಶಕ್ತಿಯಿಲ್ಲ. ಆಗ ಲೂಸಿ ಎಂಬ ಬುದ್ಧಿವಂತ ಯುವತಿಯನ್ನು ಆ ಮನೆಯ ಅಡಿಗೆ ಮತ್ತು ಕಸಮುಸುರೆಯ ಕೆಲಸಕ್ಕೆ ಸೇರಿಸುತ್ತಾಳೆ. ಕೆಲಸದವಳನ್ನು ಬೇಡವೆನ್ನುವ ಮನೆ ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಎಲ್ಲಿದೆ? ಮುದಿತನವೂ ಕಾಲಸ್ಥಿತಿಯೂ ಸೇರಿ ಕಥೆಯ ಹಂದರವಾಗಿಬಿಟ್ಟಿವೆ.

ಆಮೇಲೆ ಬಂದವರು ಉಣ್ಣೆಯನ್ನು ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟರು. ಕೇಕಿನ ಅಂಗಡಿ, ಬೆಕ್ಕು, ಹೂವಿನ ವ್ಯಾಪಾರ—ಇವೆಲ್ಲ ಹೊದಿಕೆಯ ಚಿತ್ರಕ್ಕೆ ಒದಗುತ್ತವೆ, ಪತ್ತೆಗೆ ಒದಗುವುದಿಲ್ಲ. ಕೇಕು ಮಾಡುವವಳಿಗೆ ಮಾತ್ರ ತಿಳಿಯಬಹುದಾದ ಒಂದು ಸಂಗತಿಯೂ ಇಡೀ ಪುಸ್ತಕದಲ್ಲಿ ಇರದಿದ್ದರೆ ಆಕೆ ಕೇಕು ಏಕೆ ಮಾಡಬೇಕು? ಅಮೆರಿಕದ ‘ಮರ್ಡರ್, ಶಿ ರೋಟ್’ ದೂರದರ್ಶನ ಸರಣಿ 1984ರಿಂದ 1996ರವರೆಗೆ 12 ವರ್ಷ ನಡೆಯಿತು. ಕ್ಯಾಬಟ್ ಕೋವ್ ಎಂಬ ಆ ಪುಟ್ಟ ಊರಿನಲ್ಲಿ ಅಷ್ಟು ಕೊಲೆಗಳಾದರೂ ಊರಿನ ಮುಖದಲ್ಲಿ ಒಂದು ಸುಕ್ಕೂ ಬೀಳಲಿಲ್ಲವೆಂಬುದು ಅಲ್ಲಿನವರಿಗೇ ನಗೆಯ ಮಾತಾಯಿತು. ಆಂಜೆಲಾ ಲ್ಯಾನ್ಸ್‌ಬರಿಯವರ ಅಭಿನಯದ ಬಗ್ಗೆ ನನ್ನ ದೂರಿಲ್ಲ. ಸಾವು ಯಾರನ್ನೂ ತಟ್ಟದೆ ಹೋಗುವ ಊರಿನ ಬಗ್ಗೆ ದೂರಿದೆ.

ಇದೇ ದೂರನ್ನು ರೇಮಂಡ್ ಚಾಂಡ್ಲರ್ 1944ರಲ್ಲಿ ಇಂಗ್ಲಿಷರ ಪತ್ತೇದಾರಿಯ ಮೇಲೆಯೇ ಹೊರಿಸಿದ್ದರು. ಎ. ಎ. ಮಿಲ್ನ್ ಅವರ ‘ದಿ ರೆಡ್ ಹೌಸ್ ಮಿಸ್ಟರಿ’ ಎಂಬ 1922ರ ಕಾದಂಬರಿಯನ್ನು ಎಳೆ ಎಳೆಯಾಗಿ ಬಿಡಿಸಿ, ಹವ್ಯಾಸಿಯನ್ನು ಗೆಲ್ಲಿಸಲೆಂದು ಲೇಖಕರು ಪೊಲೀಸರನ್ನು ಮೂಢರನ್ನಾಗಿ ಮಾಡುತ್ತಾರೆಂದು ತೋರಿಸಿದರು. ಮರುವರ್ಷ ಎಡ್ಮಂಡ್ ವಿಲ್ಸನ್, ಅಕ್ರಾಯ್ಡನನ್ನು ಯಾರು ಕೊಂದರೇನು ಎಂಬರ್ಥದ ತಲೆಬರಹವನ್ನೇ ಕೊಟ್ಟು ಲೇಖನ ಬರೆದರು. ಇವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಕ್ರಿಸ್ಟಿಯವರ ಎಷ್ಟೋ ಪುಸ್ತಕಗಳಲ್ಲಿ ಹೆಣವೆಂದರೆ ಪದಬಂಧದ ಖಾಲಿ ಮನೆಯಿದ್ದಂತೆ. ಕೆಲಸದ ಹುಡುಗಿಯರನ್ನು ಅವರು ನೋಡುವ ಕಣ್ಣು ಯಜಮಾನಿಯ ಕಣ್ಣು; ಆ ಹುಡುಗಿಯರು ಪೆದ್ದರು, ಬಾಯಿಬಡುಕರು. ನೇಣಿನ ವಿಷಯದಲ್ಲಂತೂ ಮಾರ್ಪಲ್‌ಗೆ ಎಳ್ಳಷ್ಟೂ ಅಳುಕಿಲ್ಲ, ‘4.50’ರ ಕೊನೆಯಲ್ಲಿ, ಗಲ್ಲು ಶಿಕ್ಷೆ ಹೋಯಿತಲ್ಲಾ ಎಂದು ವಿಷಾದಪಡುತ್ತಾಳೆ.

ಆದರೂ 1953ರ ‘ಎ ಪಾಕೆಟ್ ಫುಲ್ ಆಫ್ ರೈ’ ಎಂಬ ಪುಸ್ತಕವೊಂದಿದೆ. ಓದದವರ ಸುಖವನ್ನು ನಾನು ಕೆಡಿಸುವುದಿಲ್ಲ, ಕೊಲೆಗಾರ ಯಾರೆಂದು ಹೇಳುವುದಿಲ್ಲ. ಒಬ್ಬ ಧನಿಕನೂ ಅವನ ಹೆಂಡತಿಯೂ ವಿಷದಿಂದ ಸತ್ತಿದ್ದಾರೆ. ಮೂರನೆಯ ಸಾವು ಆ ಮನೆಯ ಕೆಲಸದ ಹುಡುಗಿ ಗ್ಲ್ಯಾಡಿಸ್‌ಳದು. ಕತ್ತು ಬಿಗಿದು ಕೊಂದ ಮೇಲೆ, ಒಂದು ಶಿಶುಪ್ರಾಸವನ್ನು ಅನುಸರಿಸುವ ಕ್ರೂರ ವಿನೋದಕ್ಕಾಗಿ, ಬಟ್ಟೆ ಒಣಹಾಕುವಾಗ ಸಿಕ್ಕಿಸುವ ಕ್ಲಿಪ್ಪೊಂದನ್ನು ಅವಳ ಮೂಗಿಗೆ ಸಿಕ್ಕಿಸಿದ್ದಾರೆ. ಅನಾಥಾಲಯದಿಂದ ಬಂದ ಈ ಹುಡುಗಿಗೆ ಊಟದ ಮೇಜಿನಲ್ಲಿ ಬಡಿಸುವುದನ್ನೂ ಬೆಳ್ಳಿ ಪಾತ್ರೆ ಉಜ್ಜುವುದನ್ನೂ ಕಲಿಸಿದವಳು ಮಾರ್ಪಲ್. ಪತ್ರಿಕೆಯಲ್ಲಿ ಸುದ್ದಿ ಓದಿ ಮುದುಕಿ ರೈಲು ಹತ್ತಿ ಬರುತ್ತಾಳೆ. ಧನಿಕನ ಸಾವು ಆಕೆಯನ್ನು ಕರೆತರಲಿಲ್ಲ. ಆ ಕ್ಲಿಪ್ಪು ಕರೆತಂದಿತು. ಬೇರೆಯವರ ಮನೆಯ ಸಾವಿನಲ್ಲಿ ನಿನಗೇನು ಕೆಲಸ ಎಂದು ಈ ಸಲ ಯಾರಾದರೂ ಕೇಳಿದ್ದರೆ, ಈ ಹುಡುಗಿಯ ಕಡೆಯಿಂದ ಬಂದವಳು ಬೇರೆ ಯಾರೂ ಇಲ್ಲ ಎಂಬುದೇ ಉತ್ತರವಾಗುತ್ತಿತ್ತು.

ಪತ್ತೆ ಮುಗಿದು ಆಕೆ ಮನೆಗೆ ಹಿಂದಿರುಗಿದಾಗ ಒಂದು ಕಾಗದ ಕಾದಿದೆ. ಗ್ಲ್ಯಾಡಿಸ್ ಸಾಯುವ ಮುನ್ನ ಬರೆದದ್ದು: ತನಗೆ ಭಯವಾಗಿದೆ, ಏನು ಮಾಡಬೇಕೋ ತಿಳಿಯದು. ಜೊತೆಗೆ ತಾನು ನಂಬಿದ ಗಂಡಸಿನ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೋ. ಈ ಫೋಟೋ ಮೊದಲೇ ಸಿಕ್ಕಿದ್ದರೆ ಕಾದಂಬರಿಯೇ ಬೇಕಿರಲಿಲ್ಲ. ಮುದುಕಿಯ ಕಣ್ಣಲ್ಲಿ ನೀರು ಬರುತ್ತದೆ. ಅದು ಆರುವ ಮೊದಲೇ ಸಿಟ್ಟು. ಸಿಟ್ಟಿನ ಬೆನ್ನಿಗೇ, ತನ್ನ ಲೆಕ್ಕ ಸರಿಯಾಯಿತೆಂಬ ಗೆಲುವು, ಒಂದು ಎಲುಬಿನ ಚೂರಿನಿಂದ ಅಳಿದ ಪ್ರಾಣಿಯ ಆಕಾರವನ್ನೇ ಊಹಿಸಿದ ಪಂಡಿತನಿಗೆ ಆಗುವಂಥದು. ಈ ಮೂರನ್ನೂ ಕ್ರಿಸ್ಟಿಯವರು ಕೆಲವೇ ಸಾಲುಗಳಲ್ಲಿ ಮುಗಿಸಿ, ಗೆಲುವನ್ನು ಕೊನೆಗಿಟ್ಟು, ಅಲ್ಲಿಗೇ ಪುಸ್ತಕವನ್ನು ಮುಚ್ಚಿದ್ದಾರೆ.