ಬಾಲಯೇಸುವಿಗೆ ಇಪ್ಪತ್ತು ನೋಟ

ಗುರುವಾರ ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಎಲ್ಲ ಧರ್ಮದವರೂ ಸಿಗುತ್ತಾರೆ. ಎಲ್ಲರ ಕಣ್ಣೂ ಆ ಪುಟ್ಟ ಮೂರ್ತಿಯ ಮೇಲೆ. ಫ್ರಾನ್ಸಿನ ಒಲಿವಿಯೇ ಮೆಸಿಯಾನ್ ಪಿಯಾನೋ ಒಂದಕ್ಕೇ ಬರೆದ 'ಬಾಲಯೇಸುವಿನ ಮೇಲೆ ಇಪ್ಪತ್ತು ನೋಟಗಳು' ಕೃತಿಗುಚ್ಛದಲ್ಲಿ ಹೀಗೆ ನೋಡುವವರ ಸಾಲಿಗೆ ನಕ್ಷತ್ರ, ಶಿಲುಬೆ, ಕಾಲ, ಮೌನ ಕೂಡ ಬಂದು ನಿಲ್ಲುತ್ತವೆ. ಪ್ಯಾರಿಸ್ ನಾಜಿಗಳಿಂದ ಬಿಡುಗಡೆಯಾದ 1944ರಲ್ಲೇ ಹುಟ್ಟಿದ ಕೃತಿ. ಮುಗಿದದ್ದು ಸೆಪ್ಟೆಂಬರ್ 8ಕ್ಕೆ, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮಾತೆಯ ತೇರು ಹೊರಡುವ ದಿನ. ಪೂರ್ತಿ ನುಡಿಸಲು ಸುಮಾರು ಎರಡು ಗಂಟೆ ಬೇಕು.

ನಮ್ಮ ಕಿವಿ ನಿಮಿರುವುದು ಐದನೆಯ ನೋಟಕ್ಕೆ. 13ನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ 120 ದೇಶೀ ತಾಳಗಳನ್ನು ಕೊಟ್ಟಿದ್ದಾನೆ. ವಿಜಯನಗರದ ಇಮ್ಮಡಿ ದೇವರಾಯನ ಕಾಲದ ಕಲ್ಲಿನಾಥ ವ್ಯಾಖ್ಯಾನ ಬರೆದದ್ದು ಈ ಗ್ರಂಥಕ್ಕೇ. ಆ ಪಟ್ಟಿ ಮೆಸಿಯಾನ್ ಕೈಗೆ ಸಿಕ್ಕಿದ್ದು ಫ್ರೆಂಚ್ ಸಂಗೀತ ವಿಶ್ವಕೋಶವೊಂದರಲ್ಲಿ. ಅದರಲ್ಲಿನ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ತಾಳಗಳನ್ನು ಈ ಐದನೆಯ ನೋಟದಲ್ಲಿ ಅವನು ಒಂದರ ಹಿಂದೆ ಒಂದು ಪೋಣಿಸುತ್ತಾನೆ. ಮೇಲಿನ ಒಂದು ಎಳೆ ಹೀಗೆ ಸಾಗುತ್ತಿದ್ದರೆ ಇನ್ನೊಂದು ಅದೇ ಲೆಕ್ಕವನ್ನು ಒಂದೂವರೆ ಪಟ್ಟು ಹಿಗ್ಗಿಸಿ ಹಿಂಬಾಲಿಸುತ್ತದೆ. ಕೆಳಗೆ ದೇವರನ್ನು ಸೂಚಿಸುವ ರಾಗವಾಕ್ಯ ಅವಸರವೇ ಇಲ್ಲದೆ ನಡೆಯುತ್ತದೆ.

ತೊಡೆಯ ಮೇಲೆ ತಾಳ ಹಾಕಹೊರಟರೆ ಕೈ ಸೋಲುತ್ತದೆ. ಲೆಕ್ಕ ಮರುಕಳಿಸಿದರೂ ತಾಳದ ಆವರ್ತ ಶುರುವಾಗುವ ಸಮ ಸಿಗುವುದಿಲ್ಲ. ಇದು ಪುಸ್ತಕದಿಂದ ಬಂದ ತಾಳ, ಗುರುಮುಖದಿಂದ ಬಂದದ್ದಲ್ಲ; ನಮ್ಮ ಮೃದಂಗ ವಿದ್ವಾಂಸರು ಮುಖ ಸಿಂಡರಿಸಿದರೆ ತಪ್ಪೇನಿಲ್ಲ. ಆದರೂ ನಾನು ಮೆಸಿಯಾನ್ ಪರ. ಸಮ ಎಂದರೆ ಮುಂದೆ ಬರುವುದರ ನಿರೀಕ್ಷೆ. ಆ ನಿರೀಕ್ಷೆಯನ್ನೇ ಕಿತ್ತುಹಾಕಿ ಕೇಳುಗನನ್ನು ಕಾಲದ ಹೊರಗೆ ಕೂರಿಸುವುದು ಅವನ ಉದ್ದೇಶ. ಸಾಲ ತಂದದ್ದು ಸಾರ್ಥಕವಾಗಿದೆ.

ಸೋತಿರುವುದು ಬೇರೆ ಕಡೆ. ಹದಿನೈದನೆಯ 'ಬಾಲಯೇಸುವಿನ ಮುತ್ತು' ಚೆಂದದ ಜೋಗುಳವಾಗಿ ಶುರುವಾಗಿ, ಅಲಂಕಾರದ ಮೇಲೆ ಅಲಂಕಾರ ಹೇರಿಕೊಂಡು, ಪಾಕ ಕೆಟ್ಟ ಮೈಸೂರುಪಾಕಿನಂತೆ ಹಲ್ಲಿಗೆ ಅಂಟುತ್ತದೆ. 1945ರ ಮಾರ್ಚಿನಲ್ಲಿ ಇವೊನ್ ಲೊರಿಯೊ ಮೊದಲ ಬಾರಿ ನುಡಿಸಿದಾಗ ಪ್ಯಾರಿಸ್ಸಿನ ವಿಮರ್ಶಕರು ರೇಗಿದ್ದು ಮಾತ್ರ ಸಂಗೀತಕ್ಕಿಂತ ಹೆಚ್ಚಾಗಿ ಮೆಸಿಯಾನ್ ಜೋಡಿಸಿದ್ದ ಭಕ್ತಿಭರಿತ ಟಿಪ್ಪಣಿಗಳಿಗೆ. ನನಗೂ ಅವು ಅತಿಯೆನಿಸುತ್ತವೆ. ಆದರೆ ಹನ್ನೊಂದನೆಯದರಲ್ಲಿ ಮಂದ್ರದಲ್ಲಿ ಒಂದೇ ಸಮನೆ ಮಿಡಿಯುವ ಸ್ವರ ಮರಿಯಳ ಗರ್ಭದಲ್ಲಿರುವ ಮಗುವಿನ ಎದೆಬಡಿತವೆಂದು ತಿಳಿಯುವುದೂ ಆ ಟಿಪ್ಪಣಿಯಿಂದಲೇ. ತಿಳಿದ ಮೇಲೆ ಬೇರೆ ರೀತಿ ಕೇಳಲು ಆಗುವುದೇ ಇಲ್ಲ.

ಹೊಸಬರು ಒಂದು, ಐದು, ಹನ್ನೊಂದರಿಂದ ಶುರುಮಾಡಲಿ. ಬೇಟೆಯ ಕೊಂಬು ಮೊಳಗುವ ಹತ್ತನೆಯದು ಇಡೀ ಗುಚ್ಛದ ಭರ್ಜರಿ ಕುಣಿತ. ಅದನ್ನು ಇಂದಿರಾನಗರದ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹೊತ್ತು ಹಾಕದಿದ್ದರೆ ಕ್ಷೇಮ.