ಜೋಡುನಳಿಗೆ ಮತ್ತು ಕೊಂಡವರ ಮಾತು

ಒಂದು ವಸ್ತುವನ್ನು ಕೊಂಡು ವರ್ಷಗಟ್ಟಲೆ ಬಳಸಿದವರು ಅದರ ಬಗ್ಗೆ ಬರೆದಿಡುವ ಅನುಭವವನ್ನು ಸಾಹಿತ್ಯವೆಂದು ನಮ್ಮ ವಿಮರ್ಶಕರು ಎಣಿಸಿದಂತಿಲ್ಲ. ಆದರೆ ಹೆಂಗಸರಾದ ನಮಗೆ ಅದು ಬಹಳ ಹಳೆಯ ಪರಿಚಯ. ಮಿಕ್ಸಿಯ ಜಾರು ಸೋರುತ್ತದೆಯೇ, ಕುಕ್ಕರಿನ ಗ್ಯಾಸ್ಕೆಟ್ಟು ಎಷ್ಟು ತಿಂಗಳು ಬಾಳುತ್ತದೆ, ಹೊಲಿಗೆಯಂತ್ರ ದಪ್ಪ ಬಟ್ಟೆಗೆ ಮುಗ್ಗರಿಸುತ್ತದೆಯೇ ಎಂಬುದನ್ನೆಲ್ಲ ನಾವು ತಿಳಿದದ್ದು ಕೊಂಡವಳನ್ನು ಕೇಳಿ. ಕೇಳುವಾಗಲೂ ನಮಗೊಂದು ವಿವೇಚನೆ ಇರುತ್ತದೆ. ಕೊಂಡು ಎರಡು ವಾರವಾಗದವಳ ಹೊಗಳಿಕೆಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. ತವರಿನವರು ಕೊಡಿಸಿದ ಪಾತ್ರೆಯನ್ನು ಯಾವ ಹೆಣ್ಣೂ ದೂರುವುದಿಲ್ಲವೆಂಬುದೂ ನಮಗೆ ಗೊತ್ತು. ವಿಮರ್ಶೆಯ ಮೊದಲ ಪಾಠ ಇದೇ ಎಂದು ನಾನು ತಿಳಿದಿದ್ದೇನೆ: ಹೇಳುತ್ತಿರುವವರು ಯಾರು, ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂದು ಮೊದಲು ನೋಡಬೇಕು.

ಈ ಪಾಠವನ್ನು ಇಟ್ಟುಕೊಂಡು ನಾನು ಓದಿದ್ದು, ನಗಬೇಡಿ, ಅಮೆರಿಕದ ಹಕ್ಕಿಬೇಟೆಗಾರರು ತಮ್ಮ ಕೋವಿಗಳ ಬಗ್ಗೆ ಬರೆದುಕೊಂಡ ಬರಹಗಳನ್ನು. ಮಗಳು ಮಿನ್ನೆಸೋಟ ರಾಜ್ಯದ ಒಂದು ಸಣ್ಣ ಊರಿನಲ್ಲಿದ್ದಾಳೆ. ದಸರಾ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು ಅವಳಲ್ಲಿಗೆ ಹೋಗಿದ್ದಾಗ ಅಲ್ಲಿ ಹಕ್ಕಿಬೇಟೆಯ ಕಾಲ. ಪಕ್ಕದ ಮನೆಯಾಕೆ ಅರುವತ್ತು ದಾಟಿದವರು, ನನ್ನ ಹಾಗೆಯೇ ಶಾಲೆಯಲ್ಲಿ ಪಾಠ ಹೇಳಿದವರು. ಗಂಡ ತೀರಿಕೊಂಡ ಮೇಲೂ ನಾಯಿಯನ್ನು ಕರೆದುಕೊಂಡು ಒಬ್ಬರೇ ಕಾಡಿಗೆ ಹೋಗುತ್ತಿದ್ದರು. ನನಗೆ ಹೊತ್ತು ಹೋಗದೆಂದು ತಿಳಿದು ಎರಡು ರಟ್ಟಿನ ಪೆಟ್ಟಿಗೆ ತುಂಬ ಬೇಟೆಯ ಪತ್ರಿಕೆಗಳನ್ನು ತಂದಿಟ್ಟರು. ‘ಅಮ್ಮಾ, ಕೋವಿಯ ಪುಸ್ತಕ ಓದ್ತಾ ಕೂತಿದೀಯಲ್ಲ!’ ಎಂದು ಮಗಳು ಬೆರಗಾದಳು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಕಾಡಿನ ಬೇಟೆ ಅಪರಾಧ. ಅಲ್ಲಿ ಅದು ಪರವಾನಗಿ ಪಡೆದು, ಇಂತಿಷ್ಟೇ ಹಕ್ಕಿ ಎಂಬ ಲೆಕ್ಕಕ್ಕೆ ಒಳಪಟ್ಟು ನಡೆಯುತ್ತದೆ. ಬೇಟೆ ಸರಿಯೋ ತಪ್ಪೋ ಎಂಬ ದೊಡ್ಡ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಆ ಬರಹಗಳು ಏನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದಷ್ಟೇ ನನ್ನ ವಿಷಯ.

ಅವುಗಳಲ್ಲಿ ಮತ್ತೆ ಮತ್ತೆ ಬರುವುದು ಹೊರದೇಶದಿಂದ ತರಿಸಿದ ಅಗ್ಗದ ಜೋಡುನಳಿಗೆ ಕೋವಿಗಳ ಮಾತು. ಎರಡು ನಳಿಗೆ ಅಕ್ಕಪಕ್ಕದಲ್ಲಿರುವ ಕೋವಿ ಇದು. ಒಂದರಿಂದ ಹೊರಟ ಚರೆ ಬೇಗ ಹರಡುತ್ತದೆ. ಇನ್ನೊಂದರ ಬಾಯಿ ತುಸು ಕಿರಿದಾದ್ದರಿಂದ ಅದರ ಚರೆ ದೂರದವರೆಗೂ ಒತ್ತಾಗಿ ಹೋಗುತ್ತದೆ. ಹಕ್ಕಿ ಕಾಲಬುಡದಲ್ಲಿ ಎದ್ದರೆ ಮೊದಲನೆಯದು, ದೂರ ಸರಿದರೆ ಎರಡನೆಯದು. 12 ಬೋರ್, 20 ಬೋರ್ ಎನ್ನುವುದು ಸೀಸದ ಲೆಕ್ಕ. ನಳಿಗೆಯ ಅಗಲದ ಸೀಸದ ಗುಂಡುಗಳು ಹನ್ನೆರಡು ಸೇರಿ ಒಂದು ಪೌಂಡ್ ಆದರೆ ಅದು 12 ಬೋರ್. ಆದ್ದರಿಂದ ಅಂಕಿ ದೊಡ್ಡದಾದಂತೆ ನಳಿಗೆ ಸಣ್ಣದು. ಇದನ್ನು ತಿಳಿದಾಗ, ಏಳನೆಯ ತರಗತಿಗೆ ವಿಲೋಮ ಪ್ರಮಾಣ ಕಲಿಸಲು ಒಳ್ಳೆಯ ಉದಾಹರಣೆ ಸಿಕ್ಕಿತೆಂದುಕೊಂಡೆ.

ಅಮೆರಿಕದಲ್ಲೇ ಹಿಂದೆ ಪಾರ್ಕರ್, ಫಾಕ್ಸ್, ಎಲ್. ಸಿ. ಸ್ಮಿತ್ ಎಂಬ ಹೆಸರುವಾಸಿ ಜೋಡುನಳಿಗೆಗಳು ತಯಾರಾಗುತ್ತಿದ್ದವು. ಎರಡು ನಳಿಗೆಗಳನ್ನು ಬೆಸೆದು ಹೊಂದಿಸುವುದು ಕೈಕೆಲಸ. ಕೂಲಿ ಏರಿದಂತೆ ಬೆಲೆಯೂ ಏರಿತು. ಎರಡನೆಯ ಮಹಾಯುದ್ಧದ ಆಚೀಚೆ ಅವೆಲ್ಲ ಒಂದೊಂದಾಗಿ ನಿಂತುಹೋದವು. ಯಂತ್ರದಲ್ಲೇ ಹೆಚ್ಚು ಕೆಲಸ ಮುಗಿಯುವ ಒಂಟಿನಳಿಗೆಯ ಪಂಪ್ ಕೋವಿಗಳು ಆ ಜಾಗ ಹಿಡಿದವು. 1950ರಲ್ಲಿ ಬಂದ ರೆಮಿಂಗ್ಟನ್ 870 ಇವುಗಳಲ್ಲಿ ಪ್ರಸಿದ್ಧ. ಆದರೂ ಅಜ್ಜನ ಕೈಯಲ್ಲಿದ್ದ ಜೋಡುನಳಿಗೆಯ ಆಸೆ ಮೊಮ್ಮಕ್ಕಳಿಗೆ ಹೋಗಲಿಲ್ಲ. ಇಂಗ್ಲೆಂಡಿನ ಉತ್ತಮ ಕೋವಿ ಕೊಳ್ಳುವುದು ಮೇಷ್ಟರಿಗೋ ಬಡಗಿಗೋ ಆಗದ ಮಾತು. ಹಾಗಾಗಿ ಸ್ಪೇನ್, ಜಪಾನ್, ರಷ್ಯಾ, ಬ್ರೆಜಿಲ್, ಟರ್ಕಿಗಳಿಂದ ಕೈಗೆಟಕುವ ಬೆಲೆಯ ಕೋವಿಗಳು ಬಂದವು. ಅವುಗಳ ಜೊತೆಗೆ ಈ ಬರಹಗಳೂ ಹುಟ್ಟಿದವು.

ಮೊದಲು ಅವುಗಳ ಗುಣವನ್ನು ಹೇಳಬೇಕು. ಬರೆಯುವವರಲ್ಲಿ ಹೆಚ್ಚಿನವರು ಬರಹಗಾರರಲ್ಲ. ಆದರೆ ಕಣ್ಣಿಟ್ಟು ನೋಡಿದವರು. ರಷ್ಯಾದ ಇಝೆವ್‌ಸ್ಕ್ ನಗರದ ಬೈಕಾಲ್ ಕೋವಿ ಒರಟು, ಭಾರ, ಆದರೆ ಗಟ್ಟಿ ಜೀವ ಎನ್ನುತ್ತಾರೆ. ಬ್ರೆಜಿಲ್‌ನಲ್ಲಿ ತಯಾರಾದ ಅಪ್‌ಲ್ಯಾಂಡರ್ ಹೊಸದರಲ್ಲಿ ತೆರೆಯಲು ಬಿಗಿ, ನೂರಾರು ತೋಟಾ ಹಾರಿಸಿದ ಮೇಲೆ ಸಡಿಲಾಗುತ್ತದೆ ಎನ್ನುತ್ತಾರೆ. ಟರ್ಕಿಯ ಕೋವಿಯ ವಾಲ್‌ನಟ್ ಮರ ಕಣ್ಣಿಗೆ ಹಬ್ಬ, ಒಳಗಿನ ಸ್ಪ್ರಿಂಗಿನ ಬಗ್ಗೆ ಮಾತ್ರ ಒಬ್ಬೊಬ್ಬರದು ಒಂದೊಂದು ಅನುಭವ. ಒಂದು ಪೌಂಡ್ ತೂಕ ಹೆಚ್ಚಾದರೆ ಸಂಜೆಯ ಹೊತ್ತಿಗೆ ತೋಳು ಏನು ಹೇಳುತ್ತದೆ ಎಂಬುದನ್ನು ಯಾವ ಮಾರಾಟಗಾರನೂ ಹೇಳಲಾರ. ಎರಡು ಟ್ರಿಗರ್ ಇದ್ದರೆ ಕೈಗವಸು ಹಾಕಿದ ಬೆರಳು ಹೇಗೆ ತಡವರಿಸುತ್ತದೆ, ಕೆಟ್ಟರೆ ಬಿಡಿಭಾಗಕ್ಕೆ ಎಷ್ಟು ಕಾಯಬೇಕು, ಆಮದು ಮಾಡಿದ ಕಂಪನಿ ಅಷ್ಟರಲ್ಲಿ ಕೈಚೆಲ್ಲಿದ್ದರೆ ಯಾರನ್ನು ಕೇಳಬೇಕು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಆಡಂಬರವಿಲ್ಲದ ಈ ಗದ್ಯವನ್ನು ನಾನು ಸಂತೋಷದಿಂದ ಓದಿದೆ.

ಇಷ್ಟಾದರೂ ಕೊರತೆಗಳಿವೆ. ಮೊದಲನೆಯದು, ದೇಶಗಳಿಗೆ ಜಾತಕ ಬರೆದುಬಿಡುವ ಚಟ. ಸ್ಪೇನಿನದೆಂದರೆ ಮೆದು ಲೋಹ, ರಷ್ಯಾದ್ದೆಂದರೆ ಟ್ರ್ಯಾಕ್ಟರು, ಟರ್ಕಿಯದೆಂದರೆ ಅದೃಷ್ಟದ ಆಟ. ಹೀಗೆ ಬರೆಯುವವರು ಆ ಕೋವಿ ಮಾಡಿದ ಊರುಗಳನ್ನು ಒಮ್ಮೆಯೂ ನೆನೆಯುವುದಿಲ್ಲ. ಸ್ಪೇನಿನ ಕೋವಿಗಳು ಬರುವುದು ಬಾಸ್ಕ್ ನಾಡಿನ ಎಯ್ಬಾರ್ ಪಟ್ಟಣದಿಂದ. ಅಲ್ಲಿ ಶತಮಾನಗಳಿಂದ ಮನೆಮನೆಯ ಕಸುಬು ಇದು. ಕೋವಿಗೆ ಗಿರಾಕಿ ಕಡಿಮೆಯಾದಾಗ ಅದೇ ಕೈಗಳು ಬೇರೆ ಕೆಲಸ ಹಿಡಿದವು. 1920ರಲ್ಲಿ ಬಂದೂಕಿನ ಕೆಲಸಗಾರರು ಕಟ್ಟಿಕೊಂಡ ಆಲ್ಫಾ ಎಂಬ ಸಹಕಾರ ಸಂಘ ಕೆಲವೇ ವರ್ಷಗಳಲ್ಲಿ ಹೊಲಿಗೆಯಂತ್ರಕ್ಕೆ ಹೊರಳಿತು. ಓರ್ಬಿಯಾ ಎಂಬ ಮನೆತನದವರು ಸೈಕಲ್ಲಿಗೆ ಹೊರಳಿದರು. ನಳಿಗೆ ಕೊರೆದ ಕೈಯೇ ಸೂಜಿ ಓಡುವ ಯಂತ್ರವನ್ನೂ ಮಾಡಿತೆಂದು ತಿಳಿದಾಗ ನನಗೆ ಆ ಊರು ಒಮ್ಮೆಗೇ ಹತ್ತಿರವಾಯಿತು. ಟರ್ಕಿಯ ಕೊನ್ಯಾ ಪ್ರಾಂತದ ಹೂಲು ಎಂಬ ಸಣ್ಣ ಊರಿನಲ್ಲಿ 1962ರಲ್ಲಿ ಕೋವಿ ಕೆಲಸಗಾರರು ಸಹಕಾರ ಸಂಘ ಕಟ್ಟಿದರು. ಅಮೆರಿಕದವನು ಅಗ್ಗ ಎಂದು ಹಿಗ್ಗುವ ಬೆಲೆಯ ಹಿಂದೆ ಇಂಥವರ ಕೂಲಿಯಿದೆ. ನಮ್ಮ ಇಳಕಲ್ ಸೀರೆ ದುಬಾರಿಯಾಯಿತೆಂದು ಚೌಕಾಸಿ ಮಾಡುವವರಿಗೂ ಈ ಮಾತು ಸಲ್ಲುತ್ತದೆ.

ಎರಡನೆಯ ಕೊರತೆ, ಈ ಅನುಭವಗಳಲ್ಲಿ ಹೆಣ್ಣಿನ ಹೆಗಲಿಲ್ಲ. ಕೋವಿಯ ಹಿಂದಿನ ಮರ ಎಷ್ಟು ಉದ್ದವಿರಬೇಕೆಂಬುದು ಗಂಡಸಿನ ತೋಳಿನ ಅಳತೆ. ಸಾಮಾನ್ಯವಾಗಿ ಹದಿನಾಲ್ಕು ಇಂಚಿನ ಮೇಲೆ. ಅಗ್ಗದ ಕೋವಿ ಒಂದೇ ಅಳತೆಯಲ್ಲಿ ಬರುತ್ತದೆ, ಬೇಕಾದವರು ಕತ್ತರಿಸಿಕೊಳ್ಳಬೇಕು. ಪಕ್ಕದ ಮನೆಯಾಕೆಯ ಟರ್ಕಿ ಕೋವಿ ಮೊದಲ ವರ್ಷ ಅವರ ಹೆಗಲನ್ನು ನೀಲಿಗಟ್ಟಿಸಿತ್ತಂತೆ. ಮರದ ಕೆಳತುದಿ ಎದೆಗೆ ಒತ್ತುತ್ತಿತ್ತು. ಕೊನೆಗೆ ಬಡಗಿಯ ಹತ್ತಿರ ಒಂದಿಂಚು ಕೊಯ್ಯಿಸಿ, ಕೆಳತುದಿಯನ್ನು ಉರುಟಾಗಿಸಿ, ಅದನ್ನು ತನ್ನದಾಗಿಸಿಕೊಂಡರು. ‘ಇದನ್ನು ಪತ್ರಿಕೆಗೆ ಬರೆಯಲಿಲ್ಲವೇ?’ ಎಂದು ಕೇಳಿದೆ. ತನ್ನನ್ನು ಯಾರೂ ಕೇಳಲಿಲ್ಲ ಎಂದರು. ಎರಡು ಪೆಟ್ಟಿಗೆಯಲ್ಲಿ ನಾನು ಹುಡುಕಿದರೂ ಹೆಣ್ಣೊಬ್ಬಳು ಕೊಂಡವಳಾಗಿ ಮಾತಾಡಿದ ಪುಟ ಸಿಗಲಿಲ್ಲ. ಹೆಂಡತಿಯರು ಬರುತ್ತಾರೆ, ಎಲ್ಲಿ? ಇನ್ನೊಂದು ಕೋವಿ ಕೊಂಡದ್ದನ್ನು ಯಾರಿಂದ ಮುಚ್ಚಿಡಬೇಕು ಎಂಬ ನಗೆಚಾಟಿಕೆಯಲ್ಲಿ.

ಇದು ಹೆಂಗಸರು ಬೇಟೆಯಾಡದ್ದರಿಂದ ಆದದ್ದಲ್ಲ. ಫ್ರಾನ್ಸಸ್ ಹ್ಯಾಮರ್‌ಸ್ಟ್ರಾಮ್ ಎಂಬ ವಿಜ್ಞಾನಿ (1907–1998) ವಿಸ್ಕಾನ್ಸಿನ್ ರಾಜ್ಯದ ಹುಲ್ಲುಗಾವಲಿನ ಪ್ರೇರಿ ಕೋಳಿಗಳನ್ನು ಉಳಿಸಲು ಗಂಡನ ಜೊತೆ ದಶಕಗಳ ಕಾಲ ದುಡಿದವರು. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡರ ಶಿಷ್ಯೆ. ಆಕೆ ಬೇಟೆಗಾರ್ತಿಯೂ ಹೌದು. 1989ರಲ್ಲಿ ಬಂದ ತನ್ನ ಬೇಟೆಯ ನೆನಪುಗಳಿಗೆ ಆಕೆ ಇಟ್ಟ ಹೆಸರು ‘ಈಸ್ ಶಿ ಕಮಿಂಗ್ ಟೂ?’ ಅಂದರೆ ‘ಅವಳೂ ಬರ್ತಾಳಾ?’ ಹೊರಡುವ ಗಂಡಸರ ಗುಂಪಿನಿಂದ ಬರುವ ಈ ಪ್ರಶ್ನೆ ನಮಗೂ ಹೊಸದಲ್ಲ. ತರಬೇತಿಗೆ, ಪ್ರವಾಸಕ್ಕೆ, ಸಮ್ಮೇಳನಕ್ಕೆ ಹೊರಟಾಗ ನಮ್ಮಲ್ಲಿ ಎಷ್ಟೋ ಮಂದಿ ಇದನ್ನು ಕೇಳಿಸಿಕೊಂಡಿದ್ದೇವೆ.

ಮೂರನೆಯ ಕೊರತೆಯೇ ನನ್ನ ಮುಖ್ಯ ಆಕ್ಷೇಪಣೆ: ಈ ಬರಹಗಳಲ್ಲಿ ಹಕ್ಕಿಯಿಲ್ಲ. ಕೋವಿಯ ಬೆಲೆ, ಮರದ ಗೆರೆ, ಕೆತ್ತನೆ ಎಲ್ಲ ಇದ್ದು, ಅದು ಹೊಡೆದ ಹಕ್ಕಿ ಏನಾಯಿತೆಂಬುದು ಇಲ್ಲ. ಜೋಡುನಳಿಗೆಯಲ್ಲಿ ಕಷ್ಟದ ಕೆಲಸ ಎರಡು ನಳಿಗೆಗಳೂ ಒಂದೇ ಜಾಗಕ್ಕೆ ಹೊಡೆಯುವಂತೆ ಬೆಸೆಯುವುದು. ಅಗ್ಗದ ಕೋವಿಯಲ್ಲಿ ಜಾರುವುದೂ ಇಲ್ಲೇ. ಪರೀಕ್ಷೆ ಸುಲಭ. ನಲವತ್ತು ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ, ಒಂದೊಂದೇ ನಳಿಗೆಯಿಂದ ಹೊಡೆದು, ಮೂವತ್ತು ಇಂಚಿನ ವೃತ್ತದೊಳಗೆ ಎಷ್ಟು ಚರೆ ಬಿದ್ದಿದೆಯೆಂದು ಎಣಿಸಿದರಾಯಿತು. ಬಿಗಿಬಾಯಿಯ ನಳಿಗೆಯಾದರೆ ನೂರಕ್ಕೆ ಎಪ್ಪತ್ತರಷ್ಟು ಒಳಗಿರಬೇಕೆಂಬುದು ವಾಡಿಕೆಯ ಅಳತೆ. ಈ ಕಾಗದದ ಪರೀಕ್ಷೆ ಮಾಡಿ ಬರೆದವರು ಬೆರಳೆಣಿಕೆಯಷ್ಟು. ನನ್ನ ಲೆಕ್ಕದಲ್ಲಿ ಅವರೇ ಪ್ರಾಮಾಣಿಕ ಲೇಖಕರು. ಉಳಿದವರು ಗುರಿ ತಪ್ಪಿದ್ದನ್ನು ತಮ್ಮ ಕೈಯ ದೋಷವೆಂದು ನಗುತ್ತಾ ಒಪ್ಪಿಕೊಳ್ಳುತ್ತಾರೆ. ಗುರಿ ಅರ್ಧ ತಪ್ಪಿದರೆ ಹಕ್ಕಿ ಗಾಯಗೊಂಡು ಪೊದೆಗೆ ನುಸುಳಿ ಎರಡು ದಿನ ನರಳಿ ಸಾಯುತ್ತದೆಂಬುದು ಆ ನಗೆಯಲ್ಲಿ ಮುಳುಗಿಹೋಗುತ್ತದೆ.

ಸೀಸದ ಮಾತೂ ಹೀಗೆಯೇ. ಕೆರೆಯ ತಳದಲ್ಲಿ ಬಿದ್ದ ಸೀಸದ ಚರೆಯನ್ನು ಬಾತುಗಳು ಮರಳಿನ ಕಾಳೆಂದು ನುಂಗಿ ವಿಷವೇರಿ ಸಾಯುತ್ತವೆ. ಅದಕ್ಕಾಗಿ ಅಮೆರಿಕ 1991ರಿಂದ ನೀರುಹಕ್ಕಿಗಳ ಬೇಟೆಯಲ್ಲಿ ದೇಶದಾದ್ಯಂತ ಸೀಸವನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯ 2019ರಿಂದ ಎಲ್ಲ ಬೇಟೆಗೂ ನಿಷೇಧಿಸಿತು. ಆದರೆ ಹಳೆಯ ಯೂರೋಪಿನ ತೆಳು ನಳಿಗೆಗೆ ಉಕ್ಕಿನ ಚರೆ ಒಗ್ಗುವುದಿಲ್ಲ. ಬಾಯಿ ಬಿಗಿಯಾಗಿದ್ದರೆ ನಳಿಗೆ ಉಬ್ಬಬಹುದು. ಮೆದುವಾದ ಬಿಸ್ಮತ್ ಚರೆ ಬಳಸಬಹುದು, ಅದು ದುಬಾರಿ. ಅಂದರೆ ಕೋವಿ ಅಗ್ಗವಾಗಿ ಉಳಿಯಬೇಕಾದರೆ ಸೀಸವೇ ಬೇಕು. ಉಳಿದ ಬೆಲೆಯನ್ನು ಹಕ್ಕಿ ತೆರುತ್ತದೆ, ಸತ್ತ ಹಕ್ಕಿಯನ್ನು ತಿಂದ ಹದ್ದು ತೆರುತ್ತದೆ. ಅಡುಗೆಮನೆಯೂ ತೆರುತ್ತದೆ: ಪಕ್ಕದ ಮನೆಯಾಕೆ ಮಾಂಸವನ್ನು ಬೇಯಿಸುವ ಮುಂಚೆ ಬೆರಳಿನಿಂದ ಒತ್ತಿ ಒತ್ತಿ ಚರೆ ಹುಡುಕುತ್ತಿದ್ದರು, ನಾವು ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ. ‘ಕೈಗೆಟಕುವ ಬೆಲೆ’ ಎನ್ನುವ ಲೇಖನಗಳಲ್ಲಿ ಈ ಖರ್ಚು ಎಲ್ಲೂ ಜಮೆಯಾಗಿಲ್ಲ.

ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಆಮದಾದದ್ದು ಕೋವಿ ಮಾತ್ರವಲ್ಲ, ಹಕ್ಕಿಯೂ ಹೌದು. ಅಲ್ಲಿನವರು ತಮ್ಮದೇ ಎಂದುಕೊಂಡಿರುವ ಫೆಸೆಂಟ್ ಹಕ್ಕಿ 1880ರ ದಶಕದಲ್ಲಿ ಚೀನಾದಿಂದ ಬಂದದ್ದು. ಈಗ ಸೌತ್ ಡಕೋಟ ರಾಜ್ಯದ ರಾಜ್ಯಪಕ್ಷಿ. ನೆವಾಡದ ಕಲ್ಲುಗುಡ್ಡಗಳಲ್ಲಿ ಬೇಟೆಗಾರರು ಏದುಸಿರು ಬಿಡುತ್ತಾ ಬೆನ್ನಟ್ಟುವ ‘ಚುಕಾರ್’ ನಮ್ಮ ಚಕೋರ. 1893ರಲ್ಲಿ ಕರಾಚಿಯಿಂದ ಮೊದಲು ಹಡಗೇರಿ ಹೋದದ್ದು. ಬೆಳದಿಂಗಳು ಕುಡಿದು ಬದುಕುತ್ತದೆಂದು ನಮ್ಮ ಕವಿಗಳು ಬಣ್ಣಿಸಿದ ಹಕ್ಕಿಯನ್ನು ಟರ್ಕಿಯ ಕೋವಿಯಿಂದ ಅಮೆರಿಕದಲ್ಲಿ ಹೊಡೆಯುತ್ತಾರೆ. ಈ ಹೆಸರಿನ ಹಿಂದಿನ ಕತೆಯನ್ನು ಕೋವಿಯ ಹೆಸರು, ನಂಬರುಗಳನ್ನೆಲ್ಲ ಬಾಯಿಪಾಠ ಒಪ್ಪಿಸುವವರು ಒಂದು ಸಾಲಿನಲ್ಲೂ ಹೇಳುವುದಿಲ್ಲ.

ಆಲ್ಡೊ ಲಿಯೊಪೋಲ್ಡ್ ಸ್ವತಃ ಹಕ್ಕಿಬೇಟೆಗಾರ. ಸಲಕರಣೆಗಳ ವ್ಯಾಮೋಹ ಬೇಟೆಗಾರನ ಸ್ವಂತ ಬಲವನ್ನು ತಿಂದುಹಾಕುತ್ತದೆಂದು, ತೀರಿಕೊಂಡ ಮರುವರ್ಷ 1949ರಲ್ಲಿ ಬಂದ ಪುಸ್ತಕದಲ್ಲಿ ಎಚ್ಚರಿಸಿದ್ದಾನೆ. ನಮ್ಮ ಪೂರ್ಣಚಂದ್ರ ತೇಜಸ್ವಿಯವರ ಬರಹಗಳಲ್ಲೂ ಕೋವಿ ಬರುತ್ತದೆ, ಆದರೆ ಅದು ಮೂಲೆಯಲ್ಲಿ ಒರಗಿರುತ್ತದೆ. ಎದುರಿಗಿರುವುದು ನಾಯಿ, ಒಡನಾಡಿಗಳು, ಕಾಡು. 1980ರ ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಹುಡುಕಿ ಹೋದವರು ಬರಿಗೈಯಲ್ಲಿ ಮರಳುತ್ತಾರೆ. ಓದುಗರ ಮನಸ್ಸಿನಲ್ಲಿ ಆ ಪ್ರಾಣಿ ಉಳಿಯುತ್ತದೆ.

ಕೊಂಡವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಂದೆ ಯಾರಾದರೂ ಅಗ್ಗದ ಜೋಡುನಳಿಗೆಯ ಬಗ್ಗೆ ಬರೆದರೆ ಅವರಿಂದ ನಾಲ್ಕು ಸಾಲು ಹೆಚ್ಚಿಗೆ ಕೇಳುತ್ತೇನೆ. ಅದನ್ನು ಮಾಡಿದ ಊರು ಯಾವುದು, ಅದು ಯಾರ ಹೆಗಲಿಗೆ ಹೊಂದಿತು, ಯಾವ ಚರೆ ತುಂಬಿದರು, ಹೊಡೆದ ಹಕ್ಕಿಗಳಲ್ಲಿ ಎಷ್ಟು ಕೈಗೆ ಸಿಕ್ಕವು, ಎಷ್ಟು ಸಿಗದೆ ಹೋದವು. ಕೊನೆಯ ಲೆಕ್ಕವನ್ನು ಪಕ್ಕದ ಮನೆಯಾಕೆ ಒಂದು ಹಳೆಯ ಡೈರಿಯಲ್ಲಿ ಪ್ರತಿ ವರ್ಷ ಬರೆದಿಡುತ್ತಿದ್ದರು. ಅಚ್ಚಾಗದ ಆ ಪುಟಗಳು ಎರಡು ಪೆಟ್ಟಿಗೆಯ ಪತ್ರಿಕೆಗಳಿಗಿಂತ ಒಳ್ಳೆಯ ಬರವಣಿಗೆಯೆಂದು ನನ್ನ ಅಭಿಪ್ರಾಯ.